ತಪ್ಪು ಸದ್ದು ಮಾಡಲಿ ಬಿಡಿ

“ಏನ್ ಮಗಾ, ನಿನ್ ಕಂಪ್ಯೂಟ್ರು ನಮ್ಮೆಮ್ಮೆ ಹಾಲು ಕುಡ್ಕೊಂಬುಡ್ತಾ?”

ಬಟವಾಡೆಯ ದಿನ ನಮ್ಮೂರ ಹಾಲಿನ ಡೇರಿಯ ಜಗಲಿಯಲ್ಲಿ ಅಜ್ಜಿಯೊಬ್ಬರು ಹೀಗೆ ಕೇಳಿದಾಗ ಸುತ್ತ ನಿಂತವರೆಲ್ಲ ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಲೆಕ್ಕ ಹಾಕುವ ಪ್ರೋಗ್ರಾಂ ಬರೆದುಕೊಟ್ಟವನು ನಾನೇ.

ಹದಿನೈದು ದಿನಕ್ಕೊಮ್ಮೆ ರಾತ್ರಿಯಿಡೀ ಕ್ಯಾಲ್ಕುಲೇಟರ್ ಒತ್ತುತ್ತ ಕೂರುತ್ತಿದ್ದ ಕಾರ್ಯದರ್ಶಿಯ ಕಷ್ಟ ನೋಡಲಾಗದೆ ಪೈಥಾನ್‌ನಲ್ಲಿ ಎಂಬತ್ತು ಸಾಲಿನ ಸ್ಕ್ರಿಪ್ಟ್ ಮಾಡಿಕೊಟ್ಟಿದ್ದೆ. ಯಾರು, ಯಾವ ಹೊತ್ತು, ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಅವರು ಎಕ್ಸೆಲ್‌ನಲ್ಲಿ ತುಂಬಿಸುತ್ತಿದ್ದರು. ಸ್ಕ್ರಿಪ್ಟ್ ಅದನ್ನು ಓದಿ, ದರ ಹಚ್ಚಿ, ಒಬ್ಬೊಬ್ಬರಿಗೆ ಎಷ್ಟು ಹಣವೆಂದು ಪಟ್ಟಿ ಕೊಡುತ್ತಿತ್ತು. ಅಜ್ಜಿಯ ಲೆಕ್ಕ ಬೇರೆ ಕಡೆ ಇತ್ತು. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಹೊತ್ತಿಗೊಂದು ಗೀಟು. ಮೂವತ್ತು ಗೀಟಿಗೆ ದುಡ್ಡು ಬರಬೇಕಿತ್ತು, ಬಂದದ್ದು ಇಪ್ಪತ್ತೆಂಟಕ್ಕೆ.

ಕಡತ ತೆರೆದು ನೋಡಿದೆವು. ಅಜ್ಜಿಯ ಹೆಸರಿನ ಮುಂದೆ ಎರಡು ಕಡೆ, ಫ್ಯಾಟ್ ಇರಬೇಕಾದ ಜಾಗದಲ್ಲಿ, ಕಾರ್ಯದರ್ಶಿ “ಕರೆಂಟ್ ಇಲ್ಲ” ಎಂದು ಬರೆದಿದ್ದರು. ಆ ಎರಡು ದಿನ ಅರ್ಧಕ್ಕೇ ಕರೆಂಟ್ ಹೋಗಿ ಫ್ಯಾಟ್ ನೋಡುವ ಯಂತ್ರ ನಿಂತಿತ್ತು. ಸಾಲಿನ ಕೊನೆಯಲ್ಲಿದ್ದ ನಾಲ್ಕೈದು ಮಂದಿಯ ಹಾಲನ್ನು ಅಳೆದು ಸುರಿದುಕೊಂಡಿದ್ದರು, ಫ್ಯಾಟ್ ನೋಡಿರಲಿಲ್ಲ. ಉಳಿದವರಿಗೂ ದುಡ್ಡು ಕಡಿಮೆ ಬಂದಿತ್ತು. ಅವರು ಗೀಟು ಹಾಕಿರಲಿಲ್ಲ, ಹಾಗಾಗಿ ಕೇಳಿರಲಿಲ್ಲ.

“ನಾನ್ ಬರ್ದಿದ್ನಲ್ಲಪ್ಪಾ ಕರೆಂಟಿಲ್ಲ ಅಂತ. ನಿನ್ ಪ್ರೋಗ್ರಾಮು ಓದ್ಲಿಲ್ವಾ?” ಎಂದರು ಕಾರ್ಯದರ್ಶಿ.

ಓದಿತ್ತು. ಓದಿ, ದಾರಿ ಕಾಣದೆ, ನನ್ನ ಮಾತು ಕೇಳಿ ಬಾಯಿ ಮುಚ್ಚಿಕೊಂಡಿತ್ತು. ಹಾಗೆ ಬಾಯಿ ಮುಚ್ಚಿಸುವ ಎರಡು ಸಾಲನ್ನು ನಾನೇ ಬರೆದಿದ್ದೆ. ಪ್ರೋಗ್ರಾಂ ಬರೆಯುವ ಹೆಚ್ಚಿನವರು ಒಂದಲ್ಲ ಒಂದು ದಿನ ಬರೆದಿರುವ, ಬರೆದದ್ದಕ್ಕೆ ಆಮೇಲೆ ನಾಚಿಕೊಂಡಿರುವ ಸಾಲುಗಳವು.

ಪಾಯಸಕ್ಕೆ ಬೆಲ್ಲವಿಲ್ಲ

ಮದುವೆ ಮನೆಯ ಅಡುಗೆ ಭಟ್ಟರಲ್ಲಿ ಎರಡು ಬಗೆ. ಒಬ್ಬರು ಹಿಂದಿನ ದಿನವೇ ಉಗ್ರಾಣಕ್ಕೆ ಬಂದು, ಪಟ್ಟಿ ಹಿಡಿದು, ಪ್ರತಿ ಸಾಮಾನನ್ನೂ ನೋಡಿ, ಒಂದು ಕಡಿಮೆಯಿದ್ದರೂ ಒಲೆ ಹಚ್ಚುವುದಿಲ್ಲ ಎನ್ನುವವರು. ಇನ್ನೊಬ್ಬರು ಬಂದವರೇ ಒಲೆ ಹಚ್ಚಿ ಕೆಲಸ ಶುರು ಮಾಡುವವರು. ಬೆಲ್ಲ ಇಲ್ಲವೆಂದು ಇವರಿಗೆ ಗೊತ್ತಾಗುವುದು ಪಾಯಸಕ್ಕೆ ಕೈ ಹಾಕಿದಾಗ. ಸಿ, ಜಾವಾ, ರಸ್ಟ್‌ನಂಥ ಭಾಷೆಗಳ ಕಂಪೈಲರ್ ಮೊದಲನೆಯ ಭಟ್ಟರ ಜಾತಿ. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಶೆಲ್ ಇವೆಲ್ಲ ಸ್ಕ್ರಿಪ್ಟಿಂಗ್ ಭಾಷೆಗಳು, ಎರಡನೆಯವರ ಪೈಕಿ. ಪೈಥಾನ್ ಶುರುವಿಗೆ ಮುನ್ನ ವ್ಯಾಕರಣವನ್ನಷ್ಟೇ ನೋಡುತ್ತದೆ: ಆವರಣ ಮುಚ್ಚಿದೆಯೇ, ಸಾಲುಗಳು ಸರಿಯಾಗಿ ಒಳಸರಿದಿವೆಯೇ. ಒಂದು ಹೆಸರಿನ ಕಾಗುಣಿತ ತಪ್ಪಿದ್ದರೂ ಆ ಸಾಲಿಗೆ ಬರುವವರೆಗೆ ಅದಕ್ಕೆ ಪತ್ತೆಯಾಗದು.

ಹೀಗೆ ಪ್ರೋಗ್ರಾಂ ಓಡುತ್ತಿರುವಾಗ ಎದುರಾಗುವ ತೊಡಕಿಗೇ ರನ್‌ಟೈಮ್ ಎರರ್ ಎನ್ನುವುದು. ವರ್ಷವಿಡೀ ಸರಿಯಾಗಿ ಓಡಿದ್ದು ಒಂದೇ ಒಂದು ದಿನ ಎಡವಬಹುದು. ಫೆಬ್ರುವರಿ 29ರಂದು ಪೈಥಾನ್‌ಗೆ “ಇವತ್ತಿನ ತಾರೀಕಿನಲ್ಲಿ ವರ್ಷವನ್ನು ಮಾತ್ರ ಒಂದು ಹೆಚ್ಚಿಸು” ಎಂದು ಹೇಳಿ ನೋಡಿ. ಅಂಥ ತಾರೀಕೇ ಇಲ್ಲವೆಂದು ಎರರ್ ಎಸೆಯುತ್ತದೆ. ಉಳಿದ ದಿನಗಳಲ್ಲಿ ಆ ಸಾಲಿನಲ್ಲಿ ತಪ್ಪೇ ಕಾಣದು. ತಮಾಷೆಯ ಮಾತಲ್ಲ ಇದು. 2012ರ ಫೆಬ್ರುವರಿ 29ರಂದು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆ ಗಂಟೆಗಟ್ಟಲೆ ಕುಸಿದದ್ದಕ್ಕೆ ಮೂಲ ಕಾರಣ ಇಂಥದೇ ಲೆಕ್ಕ: ಒಂದು ಪ್ರಮಾಣಪತ್ರಕ್ಕೆ 2013ರ ಫೆಬ್ರುವರಿ 29ರವರೆಗೆ ಸಿಂಧುತ್ವ ಕೊಡಲು ಹೋಗಿದ್ದರು.

ಕಂಪೈಲರ್ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಕರೆಂಟ್ ಹೋಗುವುದನ್ನು ಮೊದಲೇ ಹೇಳಲಾರದು. ಕಡತ ಅಳಿಸಿಹೋಗಿರಬಹುದು, ನೆಟ್‌ವರ್ಕ್ ಕಡಿದಿರಬಹುದು, ಅಂಕಿ ಇರಬೇಕಾದಲ್ಲಿ ಯಾರೋ ಮಾತು ಬರೆದಿರಬಹುದು. ಇವುಗಳಲ್ಲಿ ಹೆಚ್ಚಿನವು ಪ್ರೋಗ್ರಾಂನ ತಪ್ಪೂ ಅಲ್ಲ. ಹೊರಗಿನ ಲೋಕ ಇರುವುದೇ ಹಾಗೆ.

ಕೆಳಗಿನಿಂದ ಮೇಲಕ್ಕೆ ಓದಿ

ಹಳೆಯ ಕಾಲದಲ್ಲಿ ಒಂದು ಕೆಲಸ ಕೆಟ್ಟರೆ ಅದು ಮೈನಸ್ ಒಂದು ಎಂಬಂಥ ಗುರುತಿನ ಅಂಕಿಯನ್ನು ವಾಪಸ್ ಕೊಡುತ್ತಿತ್ತು. ಕರೆದವರು ಅದನ್ನು ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ. ಸಿ ಭಾಷೆಯಲ್ಲಿ ಇಂದಿಗೂ ಪದ್ಧತಿ ಹಾಗೆಯೇ. 1960ರ ದಶಕದ ಪಿಎಲ್/1 ಭಾಷೆ, 1970ರ ದಶಕದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ಅವರ ತಂಡ ಕಟ್ಟಿದ ಕ್ಲೂ ಭಾಷೆ ಇವೆಲ್ಲ ಬೇರೆ ದಾರಿ ಹುಡುಕಿದವು. ತೊಡಕು ಬಂದಾಗ ಅದನ್ನು ಚೆಂಡಿನಂತೆ ಮೇಲಕ್ಕೆಸೆಯುವುದು. ಹಿಡಿಯಬಲ್ಲವರು ಹಿಡಿಯಲಿ, ಯಾರೂ ಹಿಡಿಯದಿದ್ದರೆ ಇಡೀ ಕೆಲಸ ನಿಲ್ಲಲಿ. ಇದಕ್ಕೆ ಎಕ್ಸೆಪ್ಷನ್ ಎಂದು ಹೆಸರಾಯಿತು. ಗಿಡೋ ವಾನ್ ರೋಸಮ್ 1991ರಲ್ಲಿ ಪೈಥಾನ್‌ನ ಮೊದಲ ಆವೃತ್ತಿ ಬಿಟ್ಟಾಗಲೇ ಈ ವ್ಯವಸ್ಥೆ ಅದರಲ್ಲಿತ್ತು.

ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಅದು ಪದ್ಧತಿಯನ್ನೇ ತಿರುವಿಹಾಕಿತು. ಹಳೆಯ ರೀತಿಯಲ್ಲಿ ಏನೂ ಮಾಡದೆ ಬಿಟ್ಟರೆ ತಪ್ಪು ಸುಮ್ಮನಾಗುತ್ತಿತ್ತು. ಹೊಸ ರೀತಿಯಲ್ಲಿ ಏನೂ ಮಾಡದೆ ಬಿಟ್ಟರೆ ತಪ್ಪು ಕೂಗುತ್ತದೆ. ಅದನ್ನು ಸುಮ್ಮನಾಗಿಸಬೇಕೆಂದರೆ ಬೇಕೆಂದೇ ಎರಡು ಸಾಲು ಬರೆಯಬೇಕು.

ಆ ಕೂಗು ಹೇಗಿರುತ್ತದೆಂದರೆ, ಪರದೆಯ ಮೇಲೆ ಹತ್ತಾರು ಸಾಲಿನ ಇಂಗ್ಲಿಷ್ ಸುರಿಯುತ್ತದೆ. ಟ್ರೇಸ್‌ಬ್ಯಾಕ್ ಎಂದು ಅದರ ಹೆಸರು. ಹೊಸಬರು ಮೊದಲ ಸಾಲಿನಿಂದ ಓದಲು ಹೋಗಿ ಹೆದರುತ್ತಾರೆ. ಪೈಥಾನ್‌ನಲ್ಲಿ ಇದನ್ನು ಓದಬೇಕಾದದ್ದು ಕೆಳಗಿನಿಂದ. ಕಟ್ಟಕಡೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲಿನ ಸಾಲುಗಳಲ್ಲಿ ಎಲ್ಲಾಯಿತು ಎಂಬುದು, ಇನ್ನೂ ಮೇಲೆ ಹೋದರೆ ಅಲ್ಲಿಗೆ ಬಂದದ್ದು ಹೇಗೆ ಎಂಬುದು. ಅಜ್ಜಿಯ ಪ್ರಕರಣದಲ್ಲಿ ನಾನು ಬಾಯಿ ಮುಚ್ಚಿಸದೆ ಇದ್ದಿದ್ದರೆ ಕೊನೆಯ ಸಾಲು ಹೇಳುತ್ತಿದ್ದುದು ಇಷ್ಟೇ: ವ್ಯಾಲ್ಯೂಎರರ್, “ಕರೆಂಟ್ ಇಲ್ಲ” ಎಂಬುದನ್ನು ದಶಮಾಂಶ ಸಂಖ್ಯೆಯಾಗಿ ಮಾಡಲಾಗಲಿಲ್ಲ. ಕಾರ್ಯದರ್ಶಿಯ ಮಾತು ಇದ್ದಹಾಗೇ ಆ ಸಾಲಿನಲ್ಲಿ ಬಂದು ಕೂತಿರುತ್ತಿತ್ತು! 2022ರಲ್ಲಿ ಬಂದ ಪೈಥಾನ್ 3.11ರಿಂದೀಚೆಗೆ ಸಾಲಿನೊಳಗೆ ಯಾವ ತುಂಡು ಕೆಟ್ಟಿತು ಎಂಬುದಕ್ಕೂ ಅಡಿಯಲ್ಲಿ ಗುರುತು ಬೀಳುತ್ತದೆ.

ಬಾಯಿ ಮುಚ್ಚಿಸುವ ಎರಡು ಸಾಲು

ಎಕ್ಸೆಪ್ಷನ್ ಹಿಡಿಯಲು ಪೈಥಾನ್‌ನಲ್ಲಿರುವುದು ‘ಟ್ರೈ’ ಮತ್ತು ‘ಎಕ್ಸೆಪ್ಟ್’. ಟ್ರೈ ಅಡಿಯಲ್ಲಿ ಮಾಡಬೇಕಾದ ಕೆಲಸ, ಎಕ್ಸೆಪ್ಟ್ ಅಡಿಯಲ್ಲಿ ಅದು ಕೆಟ್ಟರೆ ಏನು ಮಾಡಬೇಕೆಂಬುದು. ನಾನು ಬರೆದದ್ದು ಹೀಗಿತ್ತು: ಫ್ಯಾಟನ್ನು ಅಂಕಿಯಾಗಿಸಿ ದರ ಲೆಕ್ಕ ಹಾಕಲು ಟ್ರೈ ಮಾಡು, ಎಕ್ಸೆಪ್ಟ್, ಪಾಸ್. ‘ಪಾಸ್’ ಎಂದರೆ ಪೈಥಾನ್‌ನಲ್ಲಿ “ಏನೂ ಮಾಡಬೇಡ, ಮುಂದೆ ಹೋಗು”.

ಯಾಕೆ ಹಾಗೆ ಬರೆದೆ? ಮೊದಲ ಸಲ ಓಡಿಸಿದಾಗ ಪಟ್ಟಿಯ ಕೊನೆಯಲ್ಲಿದ್ದ ಖಾಲಿ ಸಾಲೊಂದಕ್ಕೆ ಎರರ್ ಬಂದಿತ್ತು. ಖಾಲಿ ಸಾಲು ತಾನೇ, ಬಿಟ್ಟುಬಿಡಲಿ ಎಂದುಕೊಂಡೆ. ಆದರೆ ನಾನು ಹೇಳಿದ್ದು “ಖಾಲಿ ಸಾಲನ್ನು ಬಿಡು” ಎಂದಲ್ಲ, “ಯಾವ ಕಾರಣಕ್ಕೆ ಯಾವ ಸಾಲು ಕೆಟ್ಟರೂ ಬಿಡು” ಎಂದು. ಒಂದು ಸೊಳ್ಳೆಗೆಂದು ಇಡೀ ಊರಿಗೆ ಮಂಕುಬೂದಿ ಎರಚಿದ ಹಾಗೆ. ಹೆಸರಿಲ್ಲದ ಈ ಬರಿಯ ಎಕ್ಸೆಪ್ಟ್ ಎಷ್ಟು ದೊಡ್ಡ ಬಲೆಯೆಂದರೆ, ನಾನು ಕಾಗುಣಿತ ತಪ್ಪಿ ಬರೆದ ಹೆಸರಿನ ಎರರನ್ನೂ ಅದು ನುಂಗುತ್ತದೆ. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೆ ಅದನ್ನೂ ಎಕ್ಸೆಪ್ಷನ್ ಎಂದೇ ಹಿಡಿದು ನುಂಗುತ್ತದೆ. ನಿಲ್ಲಿಸು ಎಂದರೂ ನಿಲ್ಲದ ಪ್ರೋಗ್ರಾಂ ಮುಂದೆ ಕೂತವರಿಗೆ ಆ ಸಂಕಟ ಗೊತ್ತು.

ಸರಿಯಾದ ದಾರಿ ಬಲೆಯನ್ನು ಚಿಕ್ಕದು ಮಾಡುವುದು. ಅಂಕಿಯಾಗದಿದ್ದರೆ ವ್ಯಾಲ್ಯೂಎರರ್, ಕಡತ ಸಿಗದಿದ್ದರೆ ಫೈಲ್‌ನಾಟ್‌ಫೌಂಡ್‌ಎರರ್, ಸೊನ್ನೆಯಿಂದ ಭಾಗಿಸಿದರೆ ಜೀರೋಡಿವಿಷನ್‌ಎರರ್ ಎಂದು ಪ್ರತಿಯೊಂದಕ್ಕೂ ಪೈಥಾನ್ ಹೆಸರಿಟ್ಟಿದೆ. ಯಾವುದಕ್ಕೆ ನನ್ನಲ್ಲಿ ಉತ್ತರವಿದೆಯೋ ಅದನ್ನಷ್ಟೇ ಹೆಸರು ಹಿಡಿದು ಹಿಡಿಯಬೇಕು. ಟ್ರೈ ಅಡಿಯ ಕೆಲಸವೂ ಒಂದೆರಡು ಸಾಲು ಮೀರಬಾರದು. ಇಪ್ಪತ್ತು ಸಾಲನ್ನು ಒಂದೇ ಟ್ರೈಗೆ ತುರುಕಿದರೆ ಕೆಟ್ಟದ್ದು ಯಾವುದೆಂದು ಹಿಡಿದವನಿಗೂ ತಿಳಿಯದು. ಉಳಿದ ಎರರ್‌ಗಳು ಮೇಲಕ್ಕೆ ಹೋಗಲಿ, ಬೇಕಾದರೆ ಪ್ರೋಗ್ರಾಂ ನಿಲ್ಲಲಿ. ನಿಂತದ್ದು ಕಣ್ಣಿಗೆ ಬೀಳುತ್ತದೆ.

ಒಂದು ಅಂಕಿ, ಮೂರು ಭಾಷೆ

ಎಲ್ಲ ಭಾಷೆಗಳೂ ಒಂದೇ ರೀತಿ ಕೂಗುವುದಿಲ್ಲ. ಅದನ್ನು ನೋಡಲು ನಮ್ಮ ಕನ್ನಡದ ಅಂಕಿಯನ್ನೇ ತೆಗೆದುಕೊಳ್ಳೋಣ. ಯಾರೋ ಲೀಟರ್ ಎಂಬಲ್ಲಿ “೧೨” ಎಂದು ಕನ್ನಡದಲ್ಲಿ ಬರೆದರು ಎನ್ನಿ. ಪೈಥಾನ್‌ನ ‘ಇಂಟ್’ಗೆ ಕೊಟ್ಟರೆ ಅದು ನೆಟ್ಟಗೆ 12 ಎಂದು ಅರ್ಥ ಮಾಡಿಕೊಳ್ಳುತ್ತದೆ, ಯೂನಿಕೋಡ್‌ನಲ್ಲಿರುವ ಎಲ್ಲ ಲಿಪಿಗಳ ದಶಮಾಂಶ ಅಂಕಿಗಳೂ ಅದಕ್ಕೆ ಗೊತ್ತು. ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ‘ನ್ಯಾನ್’, ಅಂದರೆ “ಇದು ಸಂಖ್ಯೆಯಲ್ಲ” ಎಂಬ ವಿಚಿತ್ರ ಬೆಲೆ ಬರುತ್ತದೆ. ಪಿಎಚ್‌ಪಿಯಲ್ಲಿ ಇದನ್ನು ಪೂರ್ಣಾಂಕವಾಗು ಎಂದು ಒತ್ತಿದರೆ ತಕರಾರಿಲ್ಲದೆ ಸೊನ್ನೆಯಾಗುತ್ತದೆ.

ಈಗ “12 ಲೀಟರ್” ಎಂದು ಬರೆದರೆಂದುಕೊಳ್ಳಿ. ಪೈಥಾನ್ ವ್ಯಾಲ್ಯೂಎರರ್ ಎಸೆದು ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಮೊದಲ ಅಂಕಿಗಳನ್ನು ಕಿತ್ತುಕೊಂಡು 12 ಕೊಡುತ್ತದೆ. ಪಿಎಚ್‌ಪಿಯೂ 12 ಕೊಡುತ್ತದೆ. ಇಲ್ಲಿ ಉದಾರತೆ ಅನುಕೂಲವೆನಿಸುತ್ತದೆ. ಆದರೆ ಅದೇ ಉದಾರತೆ “ಕರೆಂಟ್ ಇಲ್ಲ” ಎಂಬುದನ್ನು ಸೊನ್ನೆ ಮಾಡಿದಾಗ ಅಜ್ಜಿಯ ಹಾಲು ನೀರಾಗುತ್ತದೆ. ನ್ಯಾನ್ ಆದರೂ ವಾಸಿ. ಅದಕ್ಕೆ ಏನನ್ನು ಕೂಡಿಸಿದರೂ ನ್ಯಾನ್ ಆಗುವುದರಿಂದ ಕೊನೆಯ ಮೊತ್ತದಲ್ಲಿ ಕಣ್ಣಿಗೆ ರಾಚುತ್ತದೆ. ಸೊನ್ನೆ ಹಾಗಲ್ಲ, ಅದು ನಿಜವಾದ ಅಂಕಿಯ ವೇಷದಲ್ಲಿ ಲೆಕ್ಕದೊಳಗೆ ಕೂತುಬಿಡುತ್ತದೆ. “ಹಾಲು ಹಾಕಲಿಲ್ಲ” ಎನ್ನುವುದಕ್ಕೂ “ಹಾಲು ಹಾಕಿದ್ದು ಗೊತ್ತಿಲ್ಲ” ಎನ್ನುವುದಕ್ಕೂ ಅಲ್ಲಿ ವ್ಯತ್ಯಾಸವೇ ಉಳಿಯದು.

ಜಾವಾಸ್ಕ್ರಿಪ್ಟ್‌ನ ಈ ಸ್ವಭಾವಕ್ಕೆ ಹುಟ್ಟಿನ ಕಾರಣವಿದೆ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಅದರ ಮೊದಲ ರೂಪ ಕಟ್ಟಿದಾಗ ಅದರಲ್ಲಿ ಎಕ್ಸೆಪ್ಷನ್ ಹಿಡಿಯುವ ಸಾಧನವೇ ಇರಲಿಲ್ಲ. ‘ಟ್ರೈ-ಕ್ಯಾಚ್’ ಆ ಭಾಷೆಯ ಮಾನಕಕ್ಕೆ ಬಂದದ್ದು 1999ರ ಡಿಸೆಂಬರ್‌ನಲ್ಲಿ. ಹಿಡಿಯಲು ಕೈಯೇ ಇಲ್ಲದಾಗ ಎಸೆದು ಏನು ಪ್ರಯೋಜನ? ಹಾಗಾಗಿ ಸೊನ್ನೆಯಿಂದ ಭಾಗಿಸಿದರೂ ಅದು ಜಗಳವಾಡದೆ ‘ಅನಂತ’ ಎಂದು ಉತ್ತರ ಕೊಟ್ಟು ಮುಂದೆ ಹೋಗುತ್ತದೆ.

ಒತ್ತಕ್ಷರ ಮಾಡಿದ ಉಪಕಾರ

ನನ್ನ ಎರಡನೆಯ ಪಾಠ ಅದೇ ಸ್ಕ್ರಿಪ್ಟಿನಲ್ಲಿ ಕಾದಿತ್ತು. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡಿದ್ದು ಡೇರಿಯ ಹಳೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಶುರುವಾಗುತ್ತಲೇ ಯೂನಿಕೋಡ್‌ಡಿಕೋಡ್‌ಎರರ್ ಎಂದು ಮಕಾಡೆ ಮಲಗಿತು. ಕೊನೆಯ ಸಾಲು ಹೇಳುತ್ತಿದ್ದುದು: 8ಡಿ ಎಂಬ ಬೈಟನ್ನು ಓದಲಾಗುತ್ತಿಲ್ಲ. ಹದಿನಾರರ ಲೆಕ್ಕದ ಆ 8ಡಿ ನಮ್ಮ ಲೆಕ್ಕದಲ್ಲಿ 141.

ಏನಿದು 141? ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8 ವಿಧಾನದಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ‘ಕ’ ಎಂದರೆ 224, 178, 149. ಅಕ್ಷರಕ್ಕೆ ಒತ್ತು ಕೊಡಲು ನಡುವೆ ಬರುವ ಹಲಂತ ಚಿಹ್ನೆಗೆ 224, 179, 141. ಡೇರಿಯ ಕಂಪ್ಯೂಟರ್‌ನಲ್ಲಿ ಪೈಥಾನ್ ಯುಟಿಎಫ್-8 ಬದಲು, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಕೋಷ್ಟಕ ಹಿಡಿದು ಓದುತ್ತಿತ್ತು. ಅದರ 256 ಮನೆಗಳಲ್ಲಿ ಐದು ಮನೆ ಖಾಲಿ. ಆ ಐದರಲ್ಲಿ ಒಂದು 141!

ಇದರ ಪರಿಣಾಮ ಸ್ವಾರಸ್ಯಕರ. ಕಮಲ, ರಮೇಶ, ನಾಗರಾಜ ಎಂಬ ಹೆಸರುಗಳಷ್ಟೇ ಇದ್ದಿದ್ದರೆ ಎರರ್ ಬರುತ್ತಲೇ ಇರಲಿಲ್ಲ. ಒಂದೊಂದು ಬೈಟಿಗೂ ಆ ಕೋಷ್ಟಕದಲ್ಲಿ ಏನೋ ಒಂದು ಚಿಹ್ನೆ ಸಿಕ್ಕಿ, ‘ಕಮಲ’ ಎಂಬ ಮೂರಕ್ಷರ ತಲೆಬುಡವಿಲ್ಲದ ಒಂಬತ್ತು ಚಿಹ್ನೆಗಳಾಗಿ, ಸದ್ದಿಲ್ಲದೆ ಪಟ್ಟಿಗೆ ಇಳಿಯುತ್ತಿತ್ತು. ಲಕ್ಷ್ಮಮ್ಮ ಎಂಬ ಹೆಸರು ಬಂದದ್ದೇ ಒತ್ತಕ್ಷರದ 141 ಎದುರಾಗಿ ಪೈಥಾನ್ ಕೂಗಿಕೊಂಡಿತು. ನಮ್ಮ ಒತ್ತಕ್ಷರಗಳೇ ಕಾವಲು ನಿಂತು ತಪ್ಪನ್ನು ಹಿಡಿದುಕೊಟ್ಟವು ಎನ್ನಬೇಕು.

ಆಗ ನಾನು ಮೊದಲು ಮಾಡಿದ್ದೇನು? ಅಂತರ್ಜಾಲದಲ್ಲಿ ಹುಡುಕಿ, ಕಡತ ತೆರೆಯುವ ಸಾಲಿಗೆ “ಎರರ್ ಬಂದರೆ ಇಗ್ನೋರ್ ಮಾಡು” ಎಂಬ ಸೂಚನೆ ಸೇರಿಸಿದೆ. ಕೂಗು ನಿಂತಿತು. ಹೆಸರುಗಳೆಲ್ಲ ಕಸವಾದವು. ಆಸ್ಕಿ ಕೋಷ್ಟಕದ ಜೊತೆ ಇದೇ ಸೂಚನೆ ಕೊಟ್ಟಿದ್ದರೆ ಕಥೆ ಇನ್ನೂ ವಿಚಿತ್ರವಾಗುತ್ತಿತ್ತು: ಆಸ್ಕಿಯಲ್ಲಿ ಕನ್ನಡದ ಒಂದು ಬೈಟಿಗೂ ಜಾಗವಿಲ್ಲ, ಎಲ್ಲವನ್ನೂ ಇಗ್ನೋರ್ ಮಾಡಿ ಹೆಸರಿನ ಕಡೆ ಬರಿ ಖಾಲಿ ಉಳಿಯುತ್ತಿತ್ತು. ಸರಿಯಾದ ಮದ್ದು ಒಂದೇ ಪದದ್ದು. ಕಡತ ತೆರೆಯುವಾಗ “ಇದು ಯುಟಿಎಫ್-8” ಎಂದು ಹೇಳುವುದು. ಎರರ್ ಹೇಳಿದ್ದು ಇದನ್ನೇ, ನಾನು ಕಿವಿ ಮುಚ್ಚಿಕೊಳ್ಳಲು ಹೋಗಿದ್ದೆ.

ಯಾರಿಗೂ ಕೇಳಿಸದ ಕೂಗು

ಲಿನಕ್ಸ್‌ನ ಶೆಲ್ ಸ್ಕ್ರಿಪ್ಟ್‌ಗಳಲ್ಲಿ ಇನ್ನೂ ಹಳೆಯ ಪದ್ಧತಿಯೇ ನಡೆಯುತ್ತಿದೆ. ಒಂದೊಂದು ಆಜ್ಞೆಯೂ ಮುಗಿದಾಗ ಒಂದು ಅಂಕಿ ಬಿಟ್ಟುಹೋಗುತ್ತದೆ: ಸೊನ್ನೆಯಾದರೆ ಗೆದ್ದೆ, ಬೇರೇನಾದರೂ ಆದರೆ ಸೋತೆ. ನೋಡುವವರಿಲ್ಲದಿದ್ದರೆ ಶೆಲ್ ಸೋಲನ್ನು ದಾಟಿ ಮುಂದಿನ ಸಾಲಿಗೆ ನಡೆಯುತ್ತದೆ. 2015ರ ಜನವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಗೇಮ್ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಆದದ್ದು ಇದೇ. ಅದರ ಸ್ಕ್ರಿಪ್ಟ್ ಮೊದಲು ತಾನಿರುವ ಫೋಲ್ಡರ್‌ಗೆ ಹೋಗಿ ಅದರ ವಿಳಾಸವನ್ನು ಒಂದು ಹೆಸರಿನಲ್ಲಿಟ್ಟುಕೊಳ್ಳುತ್ತಿತ್ತು. ಮುಂದೊಂದು ಕಡೆ “ಆ ವಿಳಾಸದ ಅಡಿಯಲ್ಲಿರುವುದನ್ನೆಲ್ಲ ಅಳಿಸು” ಎಂಬ ಸಾಲಿತ್ತು. ಫೋಲ್ಡರನ್ನು ಬೇರೆಡೆಗೆ ಸಾಗಿಸಿದ್ದ ಬಳಕೆದಾರರೊಬ್ಬರ ಯಂತ್ರದಲ್ಲಿ ಮೊದಲ ಹೆಜ್ಜೆ ಸೋತಿತು, ವಿಳಾಸ ಖಾಲಿಯಾಯಿತು. ಖಾಲಿ ವಿಳಾಸದ ಮುಂದೆ ಒಂದು ಓರೆಗೆರೆ ಸೇರಿದರೆ ಲಿನಕ್ಸ್‌ನಲ್ಲಿ ಅದು ಇಡೀ ಕಂಪ್ಯೂಟರ್‌ನ ಬೇರು. ಆ ಬಳಕೆದಾರರ ಕಡತಗಳೆಲ್ಲ ಅಳಿಸಿಹೋದವು. ಅಳಿಸುವ ಆ ಸಾಲಿನ ಪಕ್ಕದಲ್ಲಿ ಬರೆದವರೇ “ಭಯಾನಕ” ಎಂಬರ್ಥದ ಟಿಪ್ಪಣಿ ಹಾಕಿಟ್ಟಿದ್ದರು. ಭಯವಾಗಿತ್ತು. ಆದರೆ ವಿಳಾಸ ಖಾಲಿಯಿದೆಯೇ ಎಂದು ಕೇಳುವ ಒಂದು ಸಾಲು ಬರೆದಿರಲಿಲ್ಲ.

ಕೂಗಿದರೂ ಕೇಳಿಸದೆ ಹೋಗುವುದುಂಟು. ಕೋಡ್ ಇಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ಯಾವ ಸರ್ವರ್‌ನಲ್ಲಿದ್ದೇನೆಂಬ ಗೊಂದಲದಲ್ಲಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಸರಿ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಆ ಜಾಗ ಖಾಲಿ! ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿಗೂ ಡೇಟಾಬೇಸ್‌ನ ಆವೃತ್ತಿಗೂ ಹೊಂದದೆ ಅದು ಎರರ್ ಕೊಟ್ಟು ಸೋಲುತ್ತಿತ್ತು. ಸೋತಾಗಲೆಲ್ಲ ಇಮೇಲ್ ಕಳಿಸಲು ವ್ಯವಸ್ಥೆಯೂ ಇತ್ತು. ಆದರೆ ಆ ಇಮೇಲ್‌ಗಳನ್ನು ನಕಲಿ ತಡೆಯುವ ಸೋಸಣೆ ತಿರಸ್ಕರಿಸುತ್ತಿತ್ತು. ಕೊನೆಗೆ ಅದೃಷ್ಟವಶಾತ್ ಸುಮಾರು ಆರು ಗಂಟೆ ಮುಂಚಿನ ಒಂದು ನಕಲು ಸಿಕ್ಕಿತು. ಗಿಟ್‌ಲ್ಯಾಬ್ ಮಾಡಿದ ದೊಡ್ಡ ಕೆಲಸವೆಂದರೆ ನಡೆದದ್ದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ಬರೆದು ತಿಳಿಸಿದ್ದು.

ಇವು ಬಿಡಿ ಘಟನೆಗಳು ಎನ್ನಬಹುದು. ಟೊರೊಂಟೊ ವಿಶ್ವವಿದ್ಯಾಲಯದ ಡಿಂಗ್ ಯುವಾನ್ ಮತ್ತು ಸಂಗಡಿಗರು 2014ರಲ್ಲಿ ದೊಡ್ಡ ಸರ್ವರ್‌ಗಳಲ್ಲಿ ಬಳಸುವ ಐದು ತಂತ್ರಾಂಶಗಳ 198 ವೈಫಲ್ಯಗಳನ್ನು ಬಗೆದು ನೋಡಿದರು. ಇಡೀ ವ್ಯವಸ್ಥೆ ಕುಸಿದ ಪ್ರಕರಣಗಳಲ್ಲಿ ಶೇಕಡಾ 92ಕ್ಕೆ ಕಾರಣ ಒಂದೇ: ತಂತ್ರಾಂಶ ಎರರ್ ಬಂದಿದೆ ಎಂದು ಹೇಳಿತ್ತು, ಅದನ್ನು ಹಿಡಿದ ಕೋಡ್ ಸರಿಯಿರಲಿಲ್ಲ. ಹಿಡಿದಲ್ಲಿ ಏನೂ ಬರೆಯದೆ ಬಿಟ್ಟವರಿದ್ದರು. “ಇದನ್ನು ಆಮೇಲೆ ಮಾಡಬೇಕು” ಎಂದು ಟಿಪ್ಪಣಿ ಬರೆದು ಮರೆತವರಿದ್ದರು. ಅದನ್ನು ಓದಿದಾಗ ನನ್ನ ‘ಪಾಸ್’ ನೆನಪಾಯಿತು.

ನಿಲ್ಲುವುದೇ ತಪ್ಪಾದಾಗ

ಹಾಗಾದರೆ ಎರರ್ ಬಂದ ಕೂಡಲೇ ನಿಲ್ಲುವುದೇ ಧರ್ಮವೇ? ಅಲ್ಲ ಎನ್ನುವುದಕ್ಕೆ ಕಂಪ್ಯೂಟರ್ ಜಗತ್ತಿನ ಪ್ರಸಿದ್ಧ ದುರಂತವೇ ಸಾಕ್ಷಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಹೊಸ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಹಾರಿತು. ನಲವತ್ತು ಸೆಕೆಂಡಿನೊಳಗೆ ದಾರಿ ತಪ್ಪಿ ಚೂರಾಯಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು.

ರಾಕೆಟ್‌ನ ದಿಕ್ಕು ತಿಳಿಸುವ ಕಂಪ್ಯೂಟರ್‌ನಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಸಾಲಿತ್ತು. 16 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಏರಿಯಾನ್ 4ರಲ್ಲಿ ಅದನ್ನು ಮೀರುವ ಪ್ರಮೇಯ ಬಂದಿರಲಿಲ್ಲ. ಹೊಸ ರಾಕೆಟ್ ಹೆಚ್ಚು ವೇಗವಾಗಿ ಪಕ್ಕಕ್ಕೆ ಸರಿದಾಗ ಸಂಖ್ಯೆ ಹಿಡಿಸಲಿಲ್ಲ, ಎಕ್ಸೆಪ್ಷನ್ ಬಂತು. ಇಂಥ ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಬಿಟ್ಟಿದ್ದರು. ಇದು ಆ ಮೂರರಲ್ಲಿ ಒಂದು. ಎಕ್ಸೆಪ್ಷನ್ ಬಂದರೆ ಯಂತ್ರ ಕೆಟ್ಟಿದೆಯೆಂದೇ ಅರ್ಥ, ಹಾಗಾಗಿ ಅದನ್ನು ನಿಲ್ಲಿಸಿ ಜೊತೆಯ ಕಂಪ್ಯೂಟರ್‌ಗೆ ಕೆಲಸ ಒಪ್ಪಿಸಬೇಕು ಎಂಬುದು ನಿಯಮ. ಜೊತೆಯದರಲ್ಲೂ ಅದೇ ಕೋಡ್ ಇತ್ತು, ಅದು ಆಗಲೇ ಅದೇ ಕಾರಣಕ್ಕೆ ನಿಂತಿತ್ತು. ನಿಂತ ಕಂಪ್ಯೂಟರ್ ಕಳಿಸಿದ ದೋಷದ ವಿವರವನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿಯೆಂದು ನಂಬಿ ರಾಕೆಟ್‌ನ ಮೂತಿ ತಿರುಗಿಸಿತು. ಇದರಲ್ಲಿ ಹೊಟ್ಟೆ ಉರಿಯುವ ಸಂಗತಿಯೆಂದರೆ, ಎಡವಿದ ಆ ಲೆಕ್ಕ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ.

ಆ ಕೋಡ್ ಇದ್ದದ್ದು ಏಡಾ ಎಂಬ ಕಟ್ಟುನಿಟ್ಟಿನ ಭಾಷೆಯಲ್ಲಿ, ಸ್ಕ್ರಿಪ್ಟಿಂಗ್ ಭಾಷೆಯಲ್ಲಲ್ಲ. ಪಾಠ ಮಾತ್ರ ಎಲ್ಲರಿಗೂ. ಬಟವಾಡೆಯ ಲೆಕ್ಕ ನಿಂತರೆ ಕಾರ್ಯದರ್ಶಿ ನನಗೆ ಫೋನ್ ಮಾಡುತ್ತಾರೆ, ನಾಳೆ ಸರಿಪಡಿಸಬಹುದು. ಹಾರುತ್ತಿರುವ ರಾಕೆಟ್‌ಗೆ ನಾಳೆ ಎಂಬುದಿಲ್ಲ. ನಿಂತರೆ ಯಾರಿಗೆ ಏನು ನಷ್ಟ, ಮುಂದುವರಿದರೆ ಯಾರಿಗೆ ಏನು ನಷ್ಟ ಎಂದು ತೂಗಿ ನೋಡುವುದೇ ಎರರ್ ನಿಭಾಯಿಸುವ ಕೆಲಸದ ತಿರುಳು. ಅದನ್ನು ಯಾವ ಭಾಷೆಯೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಹಿಡಿದ ಮೇಲೆ

ಎರರ್ ಹಿಡಿದವರ ಮುಂದಿರುವ ದಾರಿಗಳು ಹೆಚ್ಚೇನಿಲ್ಲ. ನೆಟ್‌ವರ್ಕ್ ಕಡಿದಂಥ ತಾತ್ಕಾಲಿಕ ತೊಡಕಾದರೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬಹುದು, ಪ್ರತಿ ಸಲ ಕಾಯುವ ಸಮಯ ಹೆಚ್ಚಿಸುತ್ತ, ಮೂರು ನಾಲ್ಕು ಸಲಕ್ಕೆ ಕೈಬಿಡುತ್ತ. ಹಣದ ವಿಷಯದಲ್ಲಿ ಇದೂ ಅಪಾಯ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದಲ್ಲ. ಮತ್ತೆ ಕಳಿಸಿದರೆ ಎರಡು ಸಲ ಪಾವತಿಯಾಗಬಹುದು. ಯುಪಿಐನಲ್ಲಿ ದುಡ್ಡು ಕಳಿಸಿದಾಗ ಒಮ್ಮೊಮ್ಮೆ ‘ಪೆಂಡಿಂಗ್’ ಎಂದು ಬರುವುದನ್ನು ನೋಡಿ ನಾವೆಲ್ಲ ಗೊಣಗುತ್ತೇವೆ. ಆದರೆ ಅದು ಪ್ರಾಮಾಣಿಕ ಉತ್ತರ. ಆಗಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ, ತಿಳಿಯದೆ ಹೇಳುವುದಿಲ್ಲ ಎಂದು ಅದರರ್ಥ.

ಕೆಲಸ ಅರ್ಧಕ್ಕೆ ನಿಂತರೆ ಉಳಿಯುವ ಅವಸ್ಥೆಯ ಬಗ್ಗೆಯೂ ಯೋಚಿಸಬೇಕು. ಅರವತ್ತನೆಯ ಸದಸ್ಯರ ಖಾತೆ ಬರೆಯುವಾಗ ಪ್ರೋಗ್ರಾಂ ನಿಂತರೆ ಪುಸ್ತಕ ಅರ್ಧ ಹೊಸದು, ಅರ್ಧ ಹಳೆಯದು. ಅದಕ್ಕೇ ಹೊಸ ಪಟ್ಟಿಯನ್ನು ಬೇರೊಂದು ತಾತ್ಕಾಲಿಕ ಕಡತದಲ್ಲಿ ಪೂರ್ತಿ ಬರೆದು, ಎಲ್ಲ ಮುಗಿದ ಮೇಲೆ ಅದಕ್ಕೆ ಹಳೆಯದರ ಹೆಸರು ಕೊಡುವುದು ವಾಡಿಕೆ. ಆಗುವುದಾದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಿರಬಾರದು. ತೆರೆದದ್ದನ್ನು ಮುಚ್ಚಲು ಪೈಥಾನ್‌ನಲ್ಲಿ ‘ಫೈನಲಿ’ ಇದೆ. ಗೆದ್ದರೂ ಸೋತರೂ ಅದರ ಅಡಿಯಲ್ಲಿರುವುದು ನಡೆದೇ ನಡೆಯುತ್ತದೆ.

ಏನೂ ಮಾಡಲಾಗದಿದ್ದರೆ ಬರೆದಿಡಬಹುದು. ಇದಕ್ಕೆ ಲಾಗ್ ಎನ್ನುತ್ತಾರೆ. ಯಾವಾಗ, ಎಲ್ಲಿ, ಯಾವ ಬೆಲೆಯಿಂದ ಕೆಟ್ಟಿತು ಎಂದು ದಾಖಲಾಗದ ಲಾಗ್ ನಿಷ್ಪ್ರಯೋಜಕ. “ಏನೋ ತಪ್ಪಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂಬ ಸಂದೇಶ ಎಷ್ಟು ಆ್ಯಪ್‌ಗಳಲ್ಲಿ ನೋಡಿಲ್ಲ ನಾವು? ಅದು ಬಳಸುವವರಿಗೂ ಉಪಯೋಗಕ್ಕಿಲ್ಲ, ಸರಿಪಡಿಸುವವರಿಗೂ ಇಲ್ಲ. ಅಜ್ಜಿಯ ಗೋಡೆಯ ಗೀಟು ಇದಕ್ಕಿಂತ ಒಳ್ಳೆಯ ಲಾಗ್ ಆಗಿತ್ತು. ಅದು ಇಲ್ಲದಿದ್ದರೆ ನನ್ನ ತಪ್ಪು ಇಂದಿಗೂ ಗೊತ್ತಾಗುತ್ತಿರಲಿಲ್ಲ.

ಎರಡನೆಯ ಚೀಟಿ

ಆ ರಾತ್ರಿ ಕಾರ್ಯದರ್ಶಿಯ ಮನೆಯಲ್ಲೇ ಕೂತು ಸ್ಕ್ರಿಪ್ಟ್ ತಿದ್ದಿದೆ. ಖಾಲಿ ಸಾಲನ್ನು ಖಾಲಿಯೆಂದು ನೋಡಿಯೇ ಬಿಡುವುದು. ಅಂಕಿಯಾಗದ ಬೆಲೆ ಬಂದರೆ ವ್ಯಾಲ್ಯೂಎರರ್ ಒಂದನ್ನೇ ಹಿಡಿದು, ಆ ಸಾಲನ್ನು ಬೇರೊಂದು ಪಟ್ಟಿಗೆ ಹಾಕುವುದು. ಉಳಿದ ಯಾವ ಎರರ್ ಬಂದರೂ ನಿಲ್ಲುವುದು. ಕೊನೆಯಲ್ಲಿ ಎರಡು ಚೀಟಿ ಮುದ್ರಣ: ಒಂದರಲ್ಲಿ ಬಟವಾಡೆಯ ಲೆಕ್ಕ, ಇನ್ನೊಂದರಲ್ಲಿ “ಲೆಕ್ಕ ಆಗದ ಸಾಲುಗಳು” ಎಂಬ ತಲೆಬರಹದ ಕೆಳಗೆ ಸಾಲಿನ ಸಂಖ್ಯೆ, ಹೆಸರು, ಹೊತ್ತು, ಮತ್ತು ಫ್ಯಾಟ್ ಜಾಗದಲ್ಲಿ ಕಾರ್ಯದರ್ಶಿ ಬರೆದ ಮಾತು ಇದ್ದ ಹಾಗೇ.

“ಹಿಂದಿನ ದಿನದ ಫ್ಯಾಟ್ ಹಾಕ್ಬಿಡೋ ಹಂಗೆ ಮಾಡ್ಲಾ?” ಎಂದು ಕೇಳಿದೆ.

“ಬ್ಯಾಡಪ್ಪ. ಅದು ನಾವು ಕೂತು ತೀರ್ಮಾನ ಮಾಡೋದು. ನಿನ್ ಪ್ರೋಗ್ರಾಮು ನಮ್ಗೆ ಹೇಳಿದ್ರೆ ಸಾಕು.”

ಎರಡು ಚೀಟಿಯ ಮೊದಲ ಬಟವಾಡೆಯ ದಿನ ನಾನೂ ಹೋಗಿದ್ದೆ. ಎರಡನೆಯ ಚೀಟಿಯಲ್ಲಿ ಮೂರು ಸಾಲುಗಳಿದ್ದವು. ಎರಡು ಕಡೆ “ಕರೆಂಟ್ ಇಲ್ಲ”, ಒಂದು ಕಡೆ “ಮಿಷನ್ ರಿಪೇರಿ”. ಕಾರ್ಯದರ್ಶಿ ಕೆಂಪು ಪೆನ್ನಿನಲ್ಲಿ ಒಂದೊಂದಕ್ಕೂ ಅಂಕಿ ಬರೆದು ಸಹಿ ಹಾಕಿದರು. ಅಜ್ಜಿ ಬಂದರು. ತಮ್ಮ ದುಡ್ಡಿನ ಪಟ್ಟಿಯತ್ತ ನೋಡದೆ ಮೇಜಿನ ಮೇಲಿದ್ದ ಚಿಕ್ಕ ಚೀಟಿಗೆ ಕೈ ತೋರಿಸಿದರು.

“ಅದ್ರಲ್ಲಿ ನನ್ನೆಸ್ರು ಐತಾ ನೋಡು ಮಗಾ.”

ಇರಲಿಲ್ಲ. ಅದಾದ ಮೇಲೆಯೇ ಅವರು ದುಡ್ಡು ಎಣಿಸಿಕೊಂಡದ್ದು.